ಎಣ್ಣೆಯಿಲ್ಲದ ಉಪ್ಪಿನಕಾಯಿ

ಸೊಸೆ ಶೈಲಜಾಳಿಗೆ ಏಳನೇ ತಿಂಗಳು ಹಿಡಿದಂದಿನಿಂದ ಸಾವಿತ್ರೆವ್ವನಿಗೆ ಮನೆಯಲ್ಲಿ ಯಾವ ಸಪ್ಪಳವಾದರೂ ಎದೆ ಧಸಕ್ಕೆನ್ನುತ್ತಿತ್ತು. ಬಚ್ಚಲಲ್ಲಿ ತಂಬಿಗೆ ಬಿದ್ದರೆ ಕೈಯಲ್ಲಿದ್ದ ಹಿಟ್ಟನ್ನು ಬಿಟ್ಟು ಓಡುತ್ತಿದ್ದಳು. ಈ ಹಿಂದೆ ಎರಡು ಸಲ ಬಸುರು ನಿಂತು ಎರಡು ಸಲವೂ ಹೋಗಿತ್ತು. ಎರಡನೆಯದಂತೂ ಸೀಮಂತಕ್ಕೆಂದು ಕುಬಸದ ಸೀರೆ ತಂದಿಟ್ಟ ಮೇಲೆ ಹೋದದ್ದು. ಹಾಗಾಗಿ ಈ ಸಲ ಕುಬಸವೂ ಬೇಡ, ನಾಲ್ಕು ಮಂದಿಯ ಕಣ್ಣು ಬೀಳುವುದೂ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. ಪಪ್ಪಾಯಿ ಇಲ್ಲ, ಎಳ್ಳು ಇಲ್ಲ, ಬದನೆಕಾಯಿ ಇಲ್ಲ, ಮಾಳಿಗೆಯ ಮೆಟ್ಟಿಲು ಹತ್ತುವಂತಿಲ್ಲ. ಶೈಲಜಾ ಎಲ್ಲದಕ್ಕೂ "ಹೂಂನ್ರಿ ಅತ್ತಿ" ಎನ್ನುತ್ತಿದ್ದಳು. ರಾಮದುರ್ಗದ ತವರಿನಲ್ಲಿ ತಾಯಿ ಇರಲಿಲ್ಲ. ಬಾಣಂತನಕ್ಕೆ ಅಲ್ಲಿಗೆ ಕಳಿಸುವ ಮಾತೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಮಗಳು ಅನ್ನಪೂರ್ಣಾ ಒಂದು ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಬುಟ್ಟಿ ತುಂಬ ಹಸಿರು ಟೊಮೆಟೊ ಸುರುವಿಕೊಂಡು ಕೂತಿದ್ದಳು. ಮುನವಳ್ಳಿಯ ಕಾಲುವೆ ಬದಿಯ ಅವರ ಹೊಲದಲ್ಲಿ ಗಿಡಗಳು ಬಾಗುವಷ್ಟು ಕಾಯಿ ಹಿಡಿದಿದ್ದವು. ಅವಳು ಗಟ್ಟಿ ಕಾಯಿಗಳನ್ನೇ ಆರಿಸಿ ತಂದಿದ್ದಳು.

"ಏನವ್ವಾ ಇದು? ಹಣ್ಣಾಗೂ ಮಟಾ ತಡಕೊಳ್ಳಾಕ ಆಗಲಿಲ್ಲೇನ?" ಎಂದಳು ಸಾವಿತ್ರೆವ್ವ.

"ಉಪ್ಪಿನಕಾಯಿ ಹಾಕಾಕತ್ತೇನಿ. ಅಲ್ಲಿ ನಮ್ಮ ಮನಿ ಮಾಲೀಕಳು ಒಬ್ಬಾಕಿ ಮುದುಕಿ ಇದ್ದಳಲ್ಲ, ಆಕಿ ಕಲಿಸಿದ್ದು. ಥಂಡಿ ದಿನದಾಗ ದಿನಾ ಊಟಕ್ಕ ಇದ ಇರತಿತ್ತು."

'ಅಲ್ಲಿ' ಎಂದರೆ ಅರ್ಮೇನಿಯಾ. ಅನ್ನಪೂರ್ಣಾ ಅಲ್ಲಿ ಆರು ವರ್ಷ ಡಾಕ್ಟರಿಕೆ ಓದಿ ಬಂದಿದ್ದಳು. ಹೊರದೇಶದಲ್ಲಿ ಓದಿದವರು ಇಲ್ಲಿ ಇನ್ನೊಂದು ಪರೀಕ್ಷೆ ಪಾಸಾಗದೆ ಒಂದು ಗುಳಿಗೆಯನ್ನೂ ಬರೆದುಕೊಡುವಂತಿಲ್ಲ. ಆ ಪರೀಕ್ಷೆಯಲ್ಲಿ ಅವಳು ಎರಡು ಸಲ ನಪಾಸಾಗಿದ್ದಳು. ಓಣಿಯವರು ಕೇಳಿದರೆ ಸಾವಿತ್ರೆವ್ವ "ಇನ್ನೂ ಓದಾಕತ್ತಾಳ" ಎಂದು ಮಾತು ಮುಗಿಸಿ ಒಳಗೆ ಬಂದುಬಿಡುತ್ತಿದ್ದಳು.

ಅನ್ನಪೂರ್ಣಾ ಒಂದೊಂದೇ ಕಾಯಿಯನ್ನು ಒರೆಸಿ, ಎಣ್ಣೆಗಾಯಿಗೆ ಬದನೆ ಸೀಳಿದ ಹಾಗೆ ಬುಡ ಬಿಡದಂತೆ ನಾಲ್ಕು ಸೀಳು ಮಾಡಿದಳು. ಬಳ್ಳೊಳ್ಳಿ, ಸಬ್ಬಸಿಗೆ, ಕೊತ್ತಂಬರಿ, ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಸೀಳಿನೊಳಗೆ ತುರುಕಿದಳು. ಅಲ್ಲಿ ಹಾಕುತ್ತಿದ್ದ ಯಾವುದೋ ಸೊಪ್ಪು ಇಲ್ಲಿ ಸಿಗುವುದಿಲ್ಲವೆಂದು ಹಿತ್ತಲಿನ ಅಜವಾನದ ಎಲೆ ಹರಿದು ಹಾಕಿದಳು. ಕಾಯಿಗಳನ್ನು ದೊಡ್ಡ ಗಾಜಿನ ಭರಣಿಯಲ್ಲಿ ಒತ್ತೊತ್ತಾಗಿ ಇಟ್ಟು, ನಡುನಡುವೆ ಮೆಣಸಿನ ಕಾಳು, ಪಲಾವಿನ ಎಲೆ ಇಳಿಬಿಟ್ಟಳು. ಕುದಿಸಿ ಆರಿಸಿದ ಉಪ್ಪುನೀರನ್ನು ಮೇಲೆ ಸುರಿದು, ಕಾಯಿ ತೇಲದಂತೆ ಚಿಕ್ಕ ಪಿಂಗಾಣಿ ತಟ್ಟೆಯೊಂದನ್ನು ಒಳಗೆ ಕವುಚಿದಳು.

"ಎಣ್ಣಿ?" ಎಂದಳು ಸಾವಿತ್ರೆವ್ವ.

"ಎಣ್ಣಿ ಇಲ್ಲ."

"ಸಾಸ್ವಿ? ಮೆಂತೆ? ಬಿಸಿಲಿಗರ ಇಡತಿ ಇಲ್ಲ?"

"ಬಿಸಿಲು ಬ್ಯಾಡ. ಕತ್ತಲದಾಗ ಇಡಬೇಕು. ತಾನ ಹುಳಿ ಬರತೈತಿ."

"ಬರೇ ನೀರಾಗ ಹಸಿಕಾಯಿ ಮುಳಗಿಸಿಟ್ರ ಹುಳಿ ಬರಂಗಿಲ್ಲ, ಕೊಳೀತೈತಿ."

ಪಡಸಾಲೆಯಲ್ಲಿ ಕೂತಿದ್ದ ಗಂಡ ಬಸಯ್ಯ, "ಅದಕ್ಕ ಏನಂತಾರವ್ವಾ ಅವರ ಮಾತಿನಾಗ?" ಎಂದು ಮಗಳನ್ನು ಕೇಳಿದ.

"ತ್ತು ಅಂತಾರಪ್ಪಾ."

"ಹಂಗಾರ ಬಾಯಾಗ ಹಾಕ್ಕೊಂಡು ಉಗುಳೂದ ಅನ್ನು!" ಬಸಯ್ಯ ತನ್ನ ಮಾತಿಗೆ ತಾನೇ ನಕ್ಕ. ಹೊಸ್ತಿಲ ಹತ್ತಿರ ಜೋಳ ಹಸನು ಮಾಡುತ್ತಿದ್ದ ಶೈಲಜಾಳೂ ನಕ್ಕಳು. ನಗುತ್ತಲೇ ಅವಳ ಕಣ್ಣು ಭರಣಿಯ ಮೇಲೆ ನೆಟ್ಟದ್ದನ್ನು, ಅವಳು ಉಗುಳು ನುಂಗಿದ್ದನ್ನು ಸಾವಿತ್ರೆವ್ವ ನೋಡಿದಳು.

"ಶೈಲವ್ವಾ, ನೀ ಅದನ್ನ ಮುಟ್ಟಬ್ಯಾಡ ಮತ್ತ."

"ಹೂಂನ್ರಿ ಅತ್ತಿ."

ಎರಡು ಮೂರು ದಿನದಲ್ಲಿ ಭರಣಿಯ ನೀರು ಮಬ್ಬಾಯಿತು. ಗುಳ್ಳೆಗಳು ಒಂದರ ಹಿಂದೊಂದು ಮೇಲೆದ್ದು ಬಂದವು. ಮನೆಯಲ್ಲಿ ಯಾರೂ ಇಲ್ಲದಾಗ ಸಾವಿತ್ರೆವ್ವ ಮೂಲೆಗೆ ಹೋಗಿ ಬಗ್ಗಿ ನೋಡುತ್ತಿದ್ದಳು. ಒಳಗೆ ಏನೋ ಜೀವ ಇದ್ದ ಹಾಗೆ ಕಾಣುತ್ತಿತ್ತು. ಮುಚ್ಚಳ ಸಡಿಲಿಸಿದರೆ ಬುಸ್ಸೆಂದು ಗಾಳಿ ಹೊರಟು, ಬಳ್ಳೊಳ್ಳಿಯ ಘಾಟು ಮೂಗಿಗೆ ಬಡಿಯಿತು. ಅವಳು ಗಾಬರಿಯಾಗಿ ಮುಚ್ಚಳ ತಿರುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ದೇವರ ಜಗುಲಿಯ ಮುಂದೆ ಹೋಗಿ ನಿಂತಳು.

ವಾರ ಕಳೆದ ಮೇಲೆ ಅನ್ನಪೂರ್ಣಾ ಮೊದಲ ಕಾಯಿ ತೆಗೆದು ಹೋಳು ಮಾಡಿ ಅಪ್ಪನ ತಾಟಿಗೆ ಹಾಕಿದಳು. ಬಸಯ್ಯ ಬಿಸಿ ರೊಟ್ಟಿಯ ಜೊತೆ ಕಚ್ಚಿ, ಕಣ್ಣು ಮುಚ್ಚಿ, "ಏ, ಭಾರೀ ಐತಲೇ ಇದು!" ಎಂದ. ಮಗ ಸಿದ್ಧಾರೂಢನೂ ಪಂಪ್‌ಸೆಟ್ ರಿಪೇರಿ ಅಂಗಡಿಯಿಂದ ಬಂದವನು ಕೈಗೆ ಹತ್ತಿದ ಗ್ರೀಸನ್ನು ಸರಿಯಾಗಿ ತೊಳೆಯದೆ ಎರಡು ಹೋಳು ಬಾಯಿಗೆ ಹಾಕಿಕೊಂಡ. ಶೈಲಜಾ ರೊಟ್ಟಿ ಬಡಿಯುತ್ತ ತಲೆ ಎತ್ತಲಿಲ್ಲ.

"ವೈನಿಗೆ ಒಂದೀಟು ಕೊಡ್ಲೇನವ್ವಾ? ಬಯಕಿ ಇರತಾವ" ಎಂದಳು ಅನ್ನಪೂರ್ಣಾ.

"ಬಾಯಿ ಮುಚ್ಚು. ಬಯಕಿ ನಾ ತೀರಸ್ತೇನಿ. ಹುಣಸಿಹಣ್ಣಿನ ಗೊಜ್ಜು ಮಾಡಿಲ್ಲೇನ? ಪುಂಡಿ ಪಲ್ಲೆ ಮಾಡಿಲ್ಲೇನ?"

ಆದರೆ ಭರಣಿ ಬೇಗ ಬೇಗ ಇಳಿಯತೊಡಗಿತು. ಗಂಡಸರು ತಿಂದದ್ದು ಸಾವಿತ್ರೆವ್ವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚೇ ಖಾಲಿಯಾಗಿತ್ತು. ಒಂದು ದಿನ ಹಾಲು ಹಾಕಿಸಿಕೊಂಡು ಹಿತ್ತಲಿಗೆ ಬಂದರೆ, ಬಣವೆಯ ಮರೆಯಲ್ಲಿ ಶೈಲಜಾ ರೊಟ್ಟಿಯೊಳಗೆ ಹೋಳಿಟ್ಟು ಸುತ್ತಿ ತಿನ್ನುತ್ತಿದ್ದಳು. ತುಟಿಯ ಅಂಚಿನಿಂದ ಉಪ್ಪುನೀರು ಗಲ್ಲಕ್ಕೆ ಇಳಿದಿತ್ತು.

ಸಾವಿತ್ರೆವ್ವನಿಗೆ ಮೊದಲು ಬಂದದ್ದು ಅಂಜಿಕೆ. ಆಮೇಲೆ ಸಿಟ್ಟು ಬಂತು. ನೆಟ್ಟಗೆ ಅಡುಗೆಮನೆಗೆ ಹೋಗಿ ಭರಣಿ ಎತ್ತಿಕೊಂಡು ಬಂದು ತಿಪ್ಪೆಯ ಮೇಲೆ ಬೋರಲು ಹಾಕಿದಳು. ಸಪ್ಪಳ ಕೇಳಿ ಓಡಿ ಬಂದ ಅನ್ನಪೂರ್ಣಾ ಕಂಬ ಹಿಡಿದು ನಿಂತಳು.

"ಅವ್ವಾ! ಏನ ಮಾಡಿದಿ?"

"ನೀ ಏನ ಮಾಡಿದಿ ಅದನ್ನ ಹೇಳು ಮದಲ. ಕದ್ದು ತಿನ್ನಾಕ ಕಲಿಸಿದಾಕಿ ನೀನ. ನಾಳೆ ಏನರ ಆದರ ಮಂದಿ ಏನಂತಾರ? ನಪಾಸಾದ ಡಾಕ್ಟರ್ ನಾದಿನಿ ಏನೋ ತಿನಿಸಿ ವೈನಿ ಹೊಟ್ಟಿ ತೊಳದಳು ಅಂತಾರ. ಆ ಮಾತು ಹೊತ್ಕೊಂಡು ನೀ ಬದುಕಬೇಕಲ್ಲ ಹುಡಿಗಿ!"

ಅನ್ನಪೂರ್ಣಾಳ ಮುಖ ಕಪ್ಪಿಟ್ಟಿತು. ತಗ್ಗಿದ ದನಿಯಲ್ಲಿ ಹೇಳಿದಳು: "ಕೊಡು ಅಂದಾಕಿ ವೈನಿ, ಕೊಟ್ಟಾಕಿ ನಾನು. ಬೇಕಾದ್ದ ಅನ್ನು. ಆದರ ವೈನಿ ಕೈ ಬಾತಾವ, ನೋಡೀಯೇನು? ಬಳಿ ತಿರಗವಲ್ವು. ನನ್ನ ಕಡೆ ಬಿ.ಪಿ. ಮಿಷನ್ ಐತಿ. ಒಮ್ಮೆ ನೋಡ್ಲಿ?"

"ನೀ ಏನೂ ನೋಡಬ್ಯಾಡ. ಬಸುರಿ ಮೈ ತುಂಬಿಕೋತೈತಿ. ಮುಂದಿನ ತಿಂಗಳ ಸವದತ್ತಿ ಡಾಕ್ಟರ್ ಬಾಯಾರ ಕಡೆ ಹೋಗೂದ ಐತಿ, ಅವರ ನೋಡ್ತಾರ. ಆಕೀ ಮೈಗೆ ನೀ ಕೈ ಹಚ್ಚಿದರ ನನ್ನ ಆಣಿ ಐತಿ."

ಶೈಲಜಾ ಬಣವೆಯ ಪಕ್ಕ ಕೂತಲ್ಲೇ ಕೂತು, ಅರ್ಧ ತಿಂದ ರೊಟ್ಟಿಯನ್ನು ಮುಷ್ಟಿಯಲ್ಲಿ ಹಿಚುಕಿ ಹಿಡಿದಿದ್ದಳು.

ಅಂದಿನಿಂದ ಮನೆ ಬಿಗಿದುಕೊಂಡಿತು. ಅನ್ನಪೂರ್ಣಾ ತನ್ನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತರೆ ಊಟಕ್ಕೂ ಕರೆಯದೆ ಏಳುತ್ತಿರಲಿಲ್ಲ. ಶೈಲಜಾ ಹೇಳಿದ್ದನ್ನು ಮಾಡುತ್ತಿದ್ದಳು, ಕೊಟ್ಟದ್ದನ್ನು ತಿನ್ನುತ್ತಿದ್ದಳು. ಸಾವಿತ್ರೆವ್ವ ದಿನಾ ಬೆಳಿಗ್ಗೆ ಎದ್ದವಳೇ ಕೇಳುತ್ತಿದ್ದಳು: "ಹೊಟ್ಟಿ ನೋವೇನರ? ಸೊಂಟ?"

"ಏನಿಲ್ರಿ ಅತ್ತಿ. ಆರಾಮ ಅದೇನ್ರಿ."

"ಕೂಸು ಮಿಸುಕಾಡತೈತಿಲ್ಲ?"

"ಮಿಸುಕಾಡತೈತ್ರಿ."

ಆ ಉತ್ತರ ಕೇಳಿ ಸಾವಿತ್ರೆವ್ವನಿಗೆ ಅರ್ಧ ದಿನ ಸಮಾಧಾನವಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದನ್ನೇ ಕೇಳುತ್ತಿದ್ದಳು. ಸೊಸೆಯ ಮುಖ ತುಂಬಿದ್ದನ್ನು ನೋಡಿ ಓಣಿಯ ಕರೆವ್ವ, "ಲಕ್ಷಣ ಚಲೋ ಅದಾವ, ಮುಖದ ಮ್ಯಾಲೆ ಕಳಾ ಬಂದೈತಿ" ಎಂದಿದ್ದಳು. ಆ ಮಾತನ್ನು ಸಾವಿತ್ರೆವ್ವ ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು.

ಎಂಟನೇ ತಿಂಗಳು ಹಿಡಿದಿತ್ತು, ಸವದತ್ತಿಗೆ ಹೋಗುವ ದಿನ ಇನ್ನೂ ಬಂದಿರಲಿಲ್ಲ. ಅಂದು ಬೆಳಿಗ್ಗೆ ಸಿದ್ಧಾರೂಢ ಮೋಟಾರಿನ ಸಾಮಾನು ತರಲು ಬೈಲಹೊಂಗಲಕ್ಕೆ ಹೋಗಿದ್ದ. ಬಸಯ್ಯ ಲಿಂಗಪೂಜೆಗೆ ಕೂತಿದ್ದ. ಶೈಲಜಾ ಹಿಟ್ಟಿಗೆ ಎಸರು ಹಾಕಲು ಚರಿಗೆ ಎತ್ತಿದಳು. ಬಿಸಿನೀರು ಹಿಟ್ಟಿನ ಮೇಲೆ ಬೀಳಲಿಲ್ಲ. ಪರಾತದ ಆಚೆ, ಬರೀ ನೆಲದ ಮೇಲೆ ಬಿತ್ತು. ಅವಳು ಅದನ್ನು ನೋಡಲೂ ಇಲ್ಲ. ಸುರಿಯುತ್ತಲೇ ಇದ್ದಳು.

"ಏ ಶೈಲವ್ವಾ! ಎಲ್ಲಿ ಸುರವಾಕತ್ತಿ?"

ಶೈಲಜಾ ತಿರುಗಿದಳು. ಕಣ್ಣು ಅತ್ತೆಯ ಕಡೆ ಇದ್ದರೂ ಅತ್ತೆಯ ಮೇಲೆ ನಿಲ್ಲಲಿಲ್ಲ. "ಎಲ್ಲಾ ಕಡೆ ಮಿಣಿಮಿಣಿ ಅನ್ನಾಕತ್ತೈತ್ರಿ ಅತ್ತಿ. ಮಿಣುಕುಹುಳ ಹಾರಿಧಾಂಗ ಆಗಾಕತ್ತೈತ್ರಿ" ಎಂದಳು.

ಸಾವಿತ್ರೆವ್ವ ಅವಳ ಕೈಯಿಂದ ಚರಿಗೆ ಕಸಿದುಕೊಂಡಳು. ಏನು ಕೂಗುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ. "ಅನ್ನಪೂರ್ಣಾ! ಏ ಅನ್ನಪೂರ್ಣಾ! ಆ ಮಿಷನ್ ತಗೊಂಡ ಬಾ!"

ಅನ್ನಪೂರ್ಣಾ ಓಡಿ ಬಂದು ವೈನಿಯನ್ನು ಗೋಡೆಗೆ ಆನಿಸಿ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ತುಂಬಿದಳು. ಒಮ್ಮೆ ನೋಡಿ, ನಂಬದೆ, ಇನ್ನೊಮ್ಮೆ ನೋಡಿದಳು.

"ನೂರ ಎಪ್ಪತ್ತರ ಮ್ಯಾಲೆ ಐತಿ. ವೈನಿ, ತಲಿ ನೋಯತೈತೇನು? ಖರೇ ಹೇಳು."

ಶೈಲಜಾ ಅತ್ತೆಯ ಮುಖ ನೋಡಿದಳು.

"ಅವ್ವನ ಕಡೆ ನೋಡಬ್ಯಾಡ, ನನ್ನ ಕಡೆ ನೋಡು. ಯಾವಾಗಿಂದ?"

"ಭಾಳ ದಿನಾ ಆತು. ಭರಣಿ ಚೆಲ್ಲಿದರಲ್ಲ, ಅದಕ್ಕಿಂತ ಮದಲ ಸುರು ಆಗಿತ್ತು." ಶೈಲಜಾ ಅಳತೊಡಗಿದಳು. "ಹೇಳಿದರ ಅತ್ತಿ ಬೈತಾರ ಅಂತ ಅಂಜಿಕಿ. ಟಮಾಟಿ ತಿಂದದ್ದಕ್ಕ ಆತು ಅಂತ ನಿನಗ ಮತ್ತ ಮಾತು ಬರತಾವ. ಅದಕ್ಕ ಆರಾಮ ಅದೇನಿ ಅಂತ ಹೇಳಕೋತ ಬಂದೆ."

ಸಾವಿತ್ರೆವ್ವನಿಗೆ ಚೆಲ್ಲಿದ ಬಿಸಿನೀರು ತನ್ನ ಪಾದ ಸುಡುತ್ತಿದ್ದದ್ದು ಆಗ ಗೊತ್ತಾಯಿತು. ಆದರೂ ಅವಳು ಕಾಲು ತೆಗೆಯಲಿಲ್ಲ.

"ಅವ್ವಾ, ಗಾಡಿ ಬೇಕು. ಈಗಿಂದೀಗ" ಎಂದಳು ಅನ್ನಪೂರ್ಣಾ. "ಇದು ಏರಿದರ ಫಿಟ್ಸ್ ಬರತಾವ. ತಾಯಿ, ಕೂಸು ಇಬ್ಬರಿಗೂ ಗಂಡಾಂತರ."

ಬಸಯ್ಯ ಹಣೆಯ ವಿಭೂತಿ ಆರುವ ಮೊದಲೇ ಎದ್ದು ಬಂದಿದ್ದ. "ಸವದತ್ತಿ ಡಾಕ್ಟರ್ ಬಾಯಾರಿಗೆ ಫೋನ್ ಮಾಡೂನು ತಡೀರಿ. ಮಧ್ಯಾಹ್ನ ಬಂದು ಕುಂಡ್ರತಾರ ಅವರು. ಅವರನ್ನ ಕೇಳದ..."

"ಮಧ್ಯಾಹ್ನದ ಮಟಾ ಆಗಂಗಿಲ್ಲಪ್ಪಾ. ಸೀದಾ ಬೈಲಹೊಂಗಲದ ದವಾಖಾನಿಗೆ ಹೋಗಬೇಕು. ಅಲ್ಲೆ ಇಂಜೆಕ್ಷನ್ ಹಾಕಿಸಿ, ಬೆಳಗಾವಿಗೆ ಒಯ್ಯಬೇಕು."

"ನೀ ಪಕ್ಕಾ ಹೇಳ್ತೀಯೇನವ್ವಾ? ನಿನ್ನ ಪರೀಕ್ಷೆ ಇನ್ನೂ..." ಬಸಯ್ಯ ಮಾತನ್ನು ಅಲ್ಲಿಗೇ ಬಿಟ್ಟ.

ಅಪ್ಪ ಮಗಳು ಇಬ್ಬರೂ ಸಾವಿತ್ರೆವ್ವನ ಕಡೆ ನೋಡಿದರು. ಅವಳಿಗೆ ಹಿಂದಿನ ಎರಡೂ ಸಲದ ನೆನಪು ಒಟ್ಟಿಗೆ ನುಗ್ಗಿ ಬಂತು. ಮಗಳ ಮಾತು ಸುಳ್ಳಾದರೆ? ದಾರಿಯಲ್ಲೇ ಏನಾದರೂ ಆದರೆ? ಮಾತು ಖರೆಯಿದ್ದು ತಾವು ಇಲ್ಲೇ ಕೂತರೆ?

"ಏನ್ರಿ, ಮಲ್ಲಿಕಾರ್ಜುನನ ಮನಿಗೆ ಹೋಗಿ ಕಾರ್ ತಗಸ್ರಿ" ಎಂದಳು ಗಂಡನಿಗೆ. "ಆಕಿ ಹೇಳಿದ ಕಡೆ ಹೋಗೂದು."

ಪಕ್ಕದ ಮನೆಯ ಮಲ್ಲಿಕಾರ್ಜುನ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕಾರು ಹೊರಡಿಸಿದ. ಹಿಂದಿನ ಸೀಟಿನಲ್ಲಿ ಶೈಲಜಾ ಎಡಮಗ್ಗುಲಾಗಿ ಮಲಗಿದ್ದಳು. ಅವಳ ತಲೆ ಅನ್ನಪೂರ್ಣಾಳ ತೊಡೆಯ ಮೇಲೆ, ಕಾಲು ಸಾವಿತ್ರೆವ್ವನ ಮಡಿಲಲ್ಲಿ. ಅನ್ನಪೂರ್ಣಾ ಸಿದ್ಧಾರೂಢನಿಗೆ ಫೋನು ಮಾಡಿ, ದವಾಖಾನೆಗೆ ಹೋಗಿ ಮೊದಲೇ ತಿಳಿಸಿ ನಿಲ್ಲೆಂದಳು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ತೆವಳುತ್ತಿದ್ದವು. ಒಂದೊಂದನ್ನು ದಾಟುವಾಗಲೂ ಸಾವಿತ್ರೆವ್ವ ಉಸಿರು ಹಿಡಿಯುತ್ತಿದ್ದಳು. ಮಡಿಲಲ್ಲಿದ್ದ ಪಾದಗಳ ಮೇಲೆ ಬೆರಳೊತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಎಷ್ಟೋ ದಿನದಿಂದ ಈ ಪಾದಗಳು ಅವಳ ಕಣ್ಣ ಮುಂದೆಯೇ ಓಡಾಡಿದ್ದವು.

"ಶೈಲವ್ವಾ, ನಿದ್ದಿ ಮಾಡಬ್ಯಾಡ. ಮಾತಾಡು" ಎಂದಳು ಸಾವಿತ್ರೆವ್ವ.

"ಏನ ಮಾತಾಡ್ಲಿ ಅತ್ತಿ?"

"ಏನರ ಮಾತಾಡು. ನನ್ನ ಬೈ ಬೇಕಾದ್ರ."

ಒಮ್ಮೆ ಶೈಲಜಾಳ ಕೈ ಸೆಟೆದುಕೊಂಡಿತು. "ವೈನಿ! ವೈನಿ!" ಎಂದು ಅನ್ನಪೂರ್ಣಾ ಕೆನ್ನೆ ತಟ್ಟಿದಳು. ಕೈ ಸಡಿಲವಾಯಿತು. ಅನ್ನಪೂರ್ಣಾ ತುಟಿ ಕಚ್ಚಿಕೊಂಡು ಕಿಡಕಿಯಾಚೆ ನೋಡಿದಳು. ಮಗಳಿಗೂ ತನ್ನಷ್ಟೇ ಅಂಜಿಕೆಯಿದೆ ಎಂದು ಸಾವಿತ್ರೆವ್ವನಿಗೆ ಆಗ ತಿಳಿಯಿತು.

ಬೈಲಹೊಂಗಲದ ದವಾಖಾನೆಯ ಬಾಗಿಲಲ್ಲಿ ಸಿದ್ಧಾರೂಢ ಸ್ಟ್ರೆಚರ್ ಹಿಡಿದು ನಿಂತಿದ್ದ. ಒಳಗೆ ತರುಣ ಡಾಕ್ಟರೊಬ್ಬ ಪಟ್ಟಿ ಸುತ್ತಿ ನೋಡಿ, ಗಡಬಡಿಸಿ ನರ್ಸನ್ನು ಕೂಗಿದ. ಸೂಜಿ ಚುಚ್ಚಿದ ಮೇಲೆ ಕೇಳಿದ: "ಮನಿಯಾಗ ಬಿ.ಪಿ. ನೋಡಿದವರು ಯಾರು?"

ಅನ್ನಪೂರ್ಣಾ ಗೋಡೆಯ ಪಕ್ಕಕ್ಕೆ ಸರಿದಳು.

"ನನ್ನ ಮಗಳ್ರಿ" ಎಂದಳು ಸಾವಿತ್ರೆವ್ವ. "ಡಾಕ್ಟರಿಕಿ ಓದ್ಯಾಳ."

"ಚಲೋ ಆತು. ತಡಾ ಮಾಡಿದ್ರ ಕಷ್ಟ ಇತ್ತು. ಇನ್ನೂ ಕಷ್ಟ ಐತಿ, ಆದರ ಬೆಳಗಾವಿ ಮುಟ್ಟಸಬಹುದು. ಆಂಬುಲೆನ್ಸ್ ಬರಾಕತ್ತೈತಿ."

"ಸಾಹೇಬ್ರ, ಟಮಾಟಿ ಉಪ್ಪಿನಕಾಯಿ ತಿಂದಿದ್ದಳ್ರಿ. ಉಪ್ಪುನೀರಿನಾಗ ಹಾಕಿದ್ದು. ಅದರಿಂದ ಆತೇನ್ರಿ?" ಸಾವಿತ್ರೆವ್ವ ಕೇಳಿಯೇಬಿಟ್ಟಳು. ಪಕ್ಕದಲ್ಲಿದ್ದ ಮಗಳ ಮೈ ಗಟ್ಟಿಯಾದದ್ದು ಅವಳಿಗೆ ಗೊತ್ತಾಯಿತು.

"ಉಪ್ಪು ಹಿತಮಿತ ಇರಬೇಕು ಬಿಡ್ರಿ. ಆದರ ಈ ಬ್ಯಾನಿ ತಿಂದದ್ದರಿಂದ ಬರೂದಲ್ಲ ಅವ್ವಾರ. ಕೆಲವೊಬ್ಬರಿಗೆ ಬಸುರಿದ್ದಾಗ ಬರತೈತಿ. ತಲಿ ನೋವು, ಬಾವು ಬಂದಕೂಡ್ಲೆ ಹೇಳಬೇಕು, ಅಷ್ಟ."

ಬೆಳಗಾವಿಯಲ್ಲಿ ಅಂದೇ ಸಂಜೆಯೊಳಗೆ ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಹೆಣ್ಣು ಕೂಸು. ಅತ್ತ ದನಿ ಯಾರಿಗೂ ಕೇಳಿಸಲಿಲ್ಲ. ನರ್ಸು ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಅವರ ಮುಂದೆಯೇ ಓಡಿ ಹೋದಳು. ಸಾವಿತ್ರೆವ್ವನಿಗೆ ಕಂಡದ್ದು ಒಂದು ಸಣ್ಣ ಕೆಂಪು ಪಾದ ಮಾತ್ರ. ಕೂಸಿನ ಉಸಿರಿಗೆ ನಳಿಕೆ ಹಾಕಿದ್ದೇವೆ, ಈಗಲೇ ಏನೂ ಹೇಳಲು ಬರುವುದಿಲ್ಲ ಎಂದರು. ಶೈಲಜಾಳ ಬಿ.ಪಿ. ಇಳಿಯಲು ದಿನಗಳೇ ಬೇಕಾದವು. ಸಿದ್ಧಾರೂಢ ಔಷಧದ ಚೀಟಿ ಹಿಡಿದು ಮೇಲೆ ಕೆಳಗೆ ಓಡಾಡಿದ. ಬಸಯ್ಯ ಊರಿನಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿ ತಂದರೂ ಯಾರಿಗೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೂಸಿನ ಕೋಣೆಯ ಬಾಗಿಲು ತೆರೆದು ಯಾರದೋ ಹೆಸರು ಕೂಗಿದಾಗಲೆಲ್ಲ ಬೆಂಚಿನ ಮೇಲೆ ಕೂತವರೆಲ್ಲ ಒಟ್ಟಿಗೆ ಬೆಚ್ಚುತ್ತಿದ್ದರು. ಒಬ್ಬ ತಂದೆ ಹಾಗೆ ಒಳಗೆ ಹೋದವನು ಬರಿಗೈಯಲ್ಲಿ ಬಂದು ನೆಲಕ್ಕೆ ಕುಸಿದ.

ಬಸಯ್ಯನ ತಂಗಿ ಯಶೋಧಾ ನೋಡಲು ಬಂದಳು. ಬಂದು ಕೂತವಳೇ ದನಿ ತಗ್ಗಿಸಿದಳು, ಆದರೆ ಅನ್ನಪೂರ್ಣಾಳಿಗೆ ಕೇಳಿಸದಷ್ಟು ತಗ್ಗಿಸಲಿಲ್ಲ.

"ವೈನಿ, ಏಳರಾಗಿಂದು ಉಳಿತೈತಿ, ಎಂಟರಾಗಿಂದು ಉಳ್ಯಾಂಗಿಲ್ಲ ಅಂತಾರ. ದೇವರ ಕಾಯಬೇಕು. ಅಲ್ಲಾ, ಅದೇನೋ ಪರದೇಶದ ಹುಳಿ ಮಾಡಿ ತಿನಿಸಿದಳಂತ ನಿಮ್ಮ ಅನ್ನಪೂರ್ಣಾ? ಊರ ತುಂಬ ಅದ ಮಾತು. ಬಸುರಿಗೆ ಯಾರರ..."

ಈ ಮಾತು ಬರುತ್ತದೆಂದು ಸಾವಿತ್ರೆವ್ವ ವಾರಗಟ್ಟಲೆ ಅಂಜಿದ್ದಳು. ಈಗ ಅದು ಎದುರಿಗೇ ಬಂದು ಕೂತಿತ್ತು.

"ಟಮಾಟಿ ಏನೂ ಮಾಡಿಲ್ಲ ಯಶೋಧಾ. ವೈನಿ ಕೈ ಬಾತಾವ, ಮಿಷನ್ ಹಚ್ಚಿ ನೋಡ್ತೇನಿ ಅಂತ ನನ್ನ ಮಗಳು ಅವತ್ತ ಹೇಳಿದಳು. ಬ್ಯಾಡ ಅಂತ ಆಣಿ ಇಟ್ಟಾಕಿ ನಾನು. ತಲಿ ನೋವಂತ ಶೈಲವ್ವ ಹೇಳಲಿಲ್ಲ, ಯಾಕಂದ್ರ ಹೇಳಿದರ ನಾ ಬೈತಿದ್ದೆ. ಊರಾಗ ಕೇಳಿದವರಿಗೆ ಹಿಂಗ ಹೇಳು."

ಯಶೋಧಾ ಚೀಲದ ಬಾಳೆಹಣ್ಣು ತೆಗೆದು ಬೆಂಚಿನ ಮೇಲಿಟ್ಟಳು. ಅನ್ನಪೂರ್ಣಾ ಎದ್ದು ನೀರು ತರುತ್ತೇನೆಂದು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು. ಅವ್ವನ ಪಕ್ಕಕ್ಕೆ ಕೂತು, ಅವ್ವನ ಸುಟ್ಟ ಪಾದವನ್ನು ತನ್ನ ಮೊಣಕಾಲ ಮೇಲೆ ಎತ್ತಿಟ್ಟುಕೊಂಡು, "ಮುಲಾಮು ಹಚ್ಚಿಲ್ಲ, ನೋಡು ಹೆಂಗ ಬೊಬ್ಬಿ ಬಂದೈತಿ" ಎಂದು ಗದರಿದಳು. ಸಾವಿತ್ರೆವ್ವ ಸುಮ್ಮನೆ ಬೈಸಿಕೊಂಡಳು.

ಮುಂದಿನ ವಾರ ಶೈಲಜಾ ಎದ್ದು ನಡೆಯುವಂತಾದಳು. ಗೋಡೆ ಹಿಡಿದುಕೊಂಡು ಕೂಸಿನ ಕೋಣೆಯವರೆಗೆ ಬಂದು ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಳು. ಕೂಸಿನ ಮೂಗಿನ ನಳಿಕೆ ತೆಗೆದಿದ್ದರು. ಹಿಂಡಿ ಕೊಟ್ಟ ಎದೆಹಾಲನ್ನು ಚಮಚದ ತುದಿಯಲ್ಲಿ ಕೊಟ್ಟು ನೋಡುತ್ತಿದ್ದರು. ನುಂಗುತ್ತದೋ ಇಲ್ಲವೋ ಎಂದು ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ.

"ಹೆಂಗದಿ?" ಎಂದಳು ಸಾವಿತ್ರೆವ್ವ.

"ಆರಾಮ..." ಎಂದ ಶೈಲಜಾ ತಡೆದಳು. "ಆರಾಮ ಇಲ್ರಿ ಅತ್ತಿ. ಹೊಲಿಗಿ ಹಾಕಿದ್ದಲ್ಲೆ ಜಗ್ಗತೈತಿ. ನಿದ್ದಿ ಬರವಲ್ತು. ಇದೂ ಹೋದರ ಏನ ಮಾಡ್ಲಿ ಅಂತ ಅಂಜಿಕಿ ಆಗತೈತ್ರಿ."

ಧೈರ್ಯ ಹೇಳುವ ಮಾತು ಸಾವಿತ್ರೆವ್ವನ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ಆಡಲಿಲ್ಲ.

"ನನಗೂ ಆಗತೈತಿ" ಎಂದಳು. "ಬಾ, ಹಿಂಗ ಸರಿ."

ಶೈಲಜಾ ಸರಿದು ಅತ್ತೆಯ ಹೆಗಲಿಗೆ ತಲೆ ಕೊಟ್ಟಳು. ಇಬ್ಬರೂ ಆ ಬಾಗಿಲನ್ನೇ ನೋಡುತ್ತ ಕೂತರು. ಬಾಗಿಲು ಫಟ್ಟನೆ ತೆರೆಯಿತು.

"ಶೈಲಜಾ ಸಿದ್ಧಾರೂಢ ಅನ್ನೋರು ಯಾರ್ರಿ?"

ಇಬ್ಬರಿಗೂ ಒಮ್ಮೆಲೇ ಏಳಲಾಗಲಿಲ್ಲ. ಸಾವಿತ್ರೆವ್ವ ಸೊಸೆಯ ರಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಬೆರಳ ಗುರುತು ಮೂಡಿತು.

"ಯಾಕ್ರಿ? ಏನಾತ್ರಿ?"

"ಕೊಟ್ಟ ಹಾಲು ತೀರಿತು, ಸಾಲವಲ್ತು ಅದಕ್ಕ" ಎಂದಳು ನರ್ಸು. "ಹಸಿವಿಗೆ ಚೀರಾಕತ್ತೈತಿ. ಲಗೂನ ಬರ್ರಿ, ಎದಿಗೆ ಹಚ್ಚಿ ನೋಡೂನು."

ಶೈಲಜಾ ಗೋಡೆಯನ್ನೂ ಹಿಡಿಯದೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ಸಾವಿತ್ರೆವ್ವ ಅದಕ್ಕೆ ಕಿವಿ ಹಚ್ಚಿ ನಿಂತಳು. ಒಳಗೆ ತೆಳ್ಳಗೆ, ಕಿರಿಕಿರಿಯಾಗಿ, ಬಿಡದೆ ಒಂದು ಅಳು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಹಿಂದಿನಂತೆ ಅವಳ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಒಳಗಿನಿಂದ ಶೈಲಜಾ, ಊರೇ ಕೇಳಲಿ ಎಂಬಂಥ ದನಿಯಲ್ಲಿ, "ಅತ್ತೀ, ಕುಡ್ಯಾಕತ್ತೈತ್ರಿ!" ಎಂದು ಕೂಗಿದಳು.